ಕೈ ತೊಳೆದ ನೀರು ಬೆಳ್ಳಗಾದಾಗ

ನಿಮ್ಮ ಮನೆಯ ಹಿಂದೆ ಒಂದು ಶೆಡ್ಡೋ, ಬಚ್ಚಲ ಪಕ್ಕದ ಮೂಲೆಯೋ ಇದ್ದೇ ಇರುತ್ತದೆ. ಒಮ್ಮೆ ಹೋಗಿ ನೋಡಿ. ಹಳೆಯ ಡಬ್ಬಗಳು, ಹಳೆಯ ಬಾಟಲಿಗಳು. ಮೈ ಒಂದರದು, ಮುಚ್ಚಳ ಇನ್ನೊಂದರದು. ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಫಿನಾಯಿಲು. ಮತ್ತೊಂದರಲ್ಲಿ ಏನಿದೆ ಎಂದು ಕೇಳಿದರೆ ಮನೆಯ ಯಜಮಾನ ಮೂಸಿ ನೋಡಿ ಹೇಳುತ್ತಾನೆ. ಅವನಿಗೆ ನೆಗಡಿಯಾದ ದಿನ ದೇವರೇ ಗತಿ.

ಭದ್ರಾವತಿಯ ಜಯಪ್ಪನ ಶೆಡ್ಡೂ ಹೀಗೆಯೇ ಇತ್ತು. ಜಯಪ್ಪ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಲೇತ್ ಯಂತ್ರದ ಮೇಲೆ ಕಬ್ಬಿಣ ತಿರುಗಿಸಿ ಕಡೆಯುವ ಕೆಲಸ. ವಿ.ಆರ್.ಎಸ್. ತೆಗೆದುಕೊಂಡು ಮನೆಗೆ ಬಂದ ಮೇಲೆ ಸುಮ್ಮನೆ ಕೂರಲು ಕೈ ಬಿಡಲಿಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಒಂದು ಸಣ್ಣ ಲೇತ್ ಇಟ್ಟುಕೊಂಡ. ಮಗ ಪರಶುರಾಮ ಹಳೆಯ ಅಂಬಾಸಿಡರ್ ಒಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಮನೆ ನಡೆಯುತ್ತಿದ್ದುದು ಆ ಗಾಡಿಯಿಂದಲೇ. ಬರೀ ಇವರ ಮನೆಗಲ್ಲ, ಆ ಬೀದಿಗೆಲ್ಲ ಅದೊಂದೇ ಗಾಡಿ. ಯಾರಿಗಾದರೂ ಹೆರಿಗೆ ನೋವು ಬರಲಿ, ಯಾರಾದರೂ ಬಚ್ಚಲಲ್ಲಿ ಜಾರಿ ಬೀಳಲಿ, ಮೊದಲು ಬರುವ ಕೂಗು, "ಪರಶು ಇದಾನಾ?"

ಶೆಡ್ಡಿನ ಹಲಗೆಯ ಮೇಲೆ ಎರಡು ಹಸಿರು ಡಬ್ಬಗಳಿದ್ದವು. ಎರಡನ್ನೂ ಒಂದೇ ಗುಜರಿ ಅಂಗಡಿಯಿಂದ ತಂದದ್ದು, ಅವಳಿ ಮಕ್ಕಳ ಹಾಗೆ ಒಂದೇ ಥರ. ಒಂದರಲ್ಲಿ ಕಾರಿನ ಗೇರ್‌ಬಾಕ್ಸಿಗೆ ಹಾಕುವ ಗೇರೆಣ್ಣೆ. ಜೇನುತುಪ್ಪದಷ್ಟು ಮಂದ, ಘಾಟು ವಾಸನೆ. ಗೇರಿನ ಹಲ್ಲುಗಳು ಒಂದನ್ನೊಂದು ತಿನ್ನದ ಹಾಗೆ ನೋಡಿಕೊಳ್ಳುವುದು ಅದು. ಇನ್ನೊಂದರಲ್ಲಿ ಲೇತಿಗೆ ಬೇಕಾದ ಕಟಿಂಗ್ ಎಣ್ಣೆ. ತೆಳು. ಅದನ್ನು ನೀರಿಗೆ ಬೆರೆಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆ ಬಿಳಿ ನೀರನ್ನು ಕಾದ ಕಬ್ಬಿಣದ ಮೇಲೆ ಬಿಟ್ಟು ತಣ್ಣಗೆ ಮಾಡುತ್ತಾರೆ. ಡಬ್ಬಗಳ ಮೇಲೆ ಹೆಸರಿಲ್ಲ, ಗುರುತಿಲ್ಲ.

ಸೊಸೆ ಸುಪ್ರಿಯಾ ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ದೀಪಾವಳಿಗೆ ಮುಂಚೆ ಒಂದು ದಿನ ಶೆಡ್ಡಿಗೆ ಬಂದವಳು ಡಬ್ಬಗಳನ್ನು ನೋಡಿ ಕೇಳಿದಳು.

"ಮಾವ, ಇವೆರಡೂ ಒಂದೇ ಥರ ಇದಾವಲ್ಲ. ಯಾವುದು ಯಾವುದು ಅಂತ ಹೆಂಗೆ ಗೊತ್ತಾಗುತ್ತೆ?"

"ಎಡಗಡೆದು ಗೇರೆಣ್ಣೆ, ಬಲಗಡೆದು ಕಟಿಂಗ್ ಎಣ್ಣೆ. ಇದರಲ್ಲಿ ಗೊತ್ತಾಗದೆ ಇರೋಕೆ ಎಂತ ಇದೆ?"

"ಯಾರಾದ್ರೂ ಅದಲು ಬದಲು ಇಟ್ಟುಬಿಟ್ರೆ?"

"ನನ್ ಶೆಡ್ಡಲ್ಲಿ ನನ್ ಡಬ್ಬ ಮುಟ್ಟೋ ಗಂಡು ಯಾರು?"

"ನಮ್ ಅಂಗಡೀಲಿ ಚೀಟಿ ಕಿತ್ತುಹೋದ ಬಾಟ್ಲಿ ಇದ್ರೆ ಒಳಗೆ ಅಮೃತ ಇದ್ರೂ ಚರಂಡಿಗೆ ಸುರೀತೀವಿ ಮಾವ. ಒಂಚೂರು ಪೇಂಟು ಕೊಡಿ, ನಾನೇ ಹೆಸರು ಬರೀತೀನಿ."

ಜಯಪ್ಪ ನಕ್ಕುಬಿಟ್ಟ. "ಅದು ಔಷಧಿ ಅಂಗಡಿ ಮಾರಾಯ್ತಿ, ಇದು ಟರ್ನರ್ ಶೆಡ್ಡು. ಜೀವಮಾನ ಎಲ್ಲ ಕಬ್ಬಿಣ ಕಡೆದೋನಿಗೆ ಎಣ್ಣೆ ಹೆಸರು ಓದಿ ಹೇಳ್ಬೇಕಾ? ನನ್ ಬೆರಳಿಗೇ ಗೊತ್ತು."

ಅವನ ಬೆರಳಿಗೆ ಗೊತ್ತಿತ್ತು, ಸುಳ್ಳಲ್ಲ. ಆದರೆ ಬೆರಳಿಗೂ ಹಬ್ಬ ಬರುತ್ತದೆ ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ.

ಜಯಪ್ಪನ ಮನೆಯಲ್ಲಿ ಒಂದು ಪದ್ಧತಿ. ನರಕ ಚತುರ್ದಶಿಯ ಬೆಳಿಗ್ಗೆ ಮನೆ ಮಂದಿಗೆಲ್ಲ ಎಣ್ಣೆ ಸ್ನಾನ ಆಗುವಾಗ ಗಾಡಿಗೂ ಹೊಸ ಎಣ್ಣೆ ಆಗಬೇಕು. "ದುಡಿದು ಹಾಕೋದು ಅದು. ನಮ್ಮ ತಲೆಗೆ ಎಣ್ಣೆ, ಅದರ ಹೊಟ್ಟೆಗೆ ಬೇಡ್ವಾ?" ಎನ್ನುತ್ತಿದ್ದ. ಅವತ್ತೂ ಹಾಗೆಯೇ ಆಯಿತು. ಹೆಂಡತಿ ಬಂಗಾರಮ್ಮ ಅವನ ನೆತ್ತಿಗೆ ಹರಳೆಣ್ಣೆ ತಟ್ಟಿ, ಮೈಗೆಲ್ಲ ಬಳಿದು, "ನೆನೀಲಿ, ಹಂಡೆ ಇನ್ನೂ ಕಾದಿಲ್ಲ" ಎಂದಳು. ನೆನೆಯುವಷ್ಟು ಹೊತ್ತು ಸುಮ್ಮನೆ ಯಾಕೆ ಕೂರುವುದು ಎಂದು ಜಯಪ್ಪ ಪಂಚೆ ಎತ್ತಿ ಕಟ್ಟಿ ಶೆಡ್ಡಿಗೆ ಹೋದ. ಎಡಗಡೆಯ ಡಬ್ಬ ತೆಗೆದುಕೊಂಡ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಗೇರ್‌ಬಾಕ್ಸಿನ ನಟ್ಟು ಬಿಚ್ಚಿ ಹಳೆಯ ಎಣ್ಣೆ ಇಳಿಸಿದ. ಪಿಚಕಾರಿಯಲ್ಲಿ ಹೊಸ ಎಣ್ಣೆ ತುಂಬಿಸಿದ. ಸಲೀಸಾಗಿ ಹೋಯಿತು. ಕಣ್ಣಿಗೆ ಹರಳೆಣ್ಣೆ ಇಳಿದು ಉರಿಯುತ್ತಿತ್ತು, ಕನ್ನಡಕ ಬಚ್ಚಲ ಗೂಡಿನಲ್ಲಿತ್ತು, ಮೂಗಿನ ತುಂಬ ಹರಳೆಣ್ಣೆಯ ವಾಸನೆ, ಬೆರಳೆಲ್ಲ ಮೊದಲೇ ಜಿಡ್ಡು.

ಎಡಗಡೆಗೆ ಇದ್ದದ್ದು ಗೇರೆಣ್ಣೆ ಆಗಿರಲಿಲ್ಲ. ಹಬ್ಬಕ್ಕೆ ಧೂಳು ಹೊಡೆಯುವಾಗ ಬಂಗಾರಮ್ಮ ಹಲಗೆ ಒರೆಸಿ, ಡಬ್ಬಗಳನ್ನು ಒರೆಸಿ, ಮತ್ತೆ ಜೋಡಿಸಿ ಇಟ್ಟಿದ್ದಳು. ಪಾಪ, ಅವಳಿಗೆ ಎಡವೇನು ಬಲವೇನು? ಡಬ್ಬದ ಮೇಲೆ ಹೆಸರಿದ್ದರೆ ತಾನೆ.

ಜಯಪ್ಪ ಎದ್ದು ಬಂದು ನಲ್ಲಿಯ ಕೆಳಗೆ ಕೈ ಒಡ್ಡಿದ. ಬೆರಳ ಸಂದಿಯಿಂದ ಇಳಿದ ನೀರು ಬೆಳ್ಳಗಿತ್ತು. ಹರಳೆಣ್ಣೆ ಮೆತ್ತಿದ ಕೈ ಮೇಲೆ ನೀರು ಹನಿಹನಿಯಾಗಿ ಜಾರಬೇಕು, ಇದು ಹಾಲಿನ ಹಾಗೆ ಹರಿದು ಬಚ್ಚಲ ಕಲ್ಲಿನ ಮೇಲೆ ಬಿಳಿಯ ಗೆರೆಯಾಯಿತು. ಕಾರ್ಖಾನೆಯಲ್ಲಿ ಪ್ರತಿ ಪಾಳಿ ಮುಗಿದ ಮೇಲೂ ಅವನ ಕೈಯಿಂದ ಇಳಿಯುತ್ತಿದ್ದುದು ಅದೇ ಬಿಳಿ ನೀರು. ಯಾರೂ ಹೇಳಬೇಕಾಗಿರಲಿಲ್ಲ.

ಆಗ ಗಾಡಿ ಇನ್ನೂ ಅಂಗಳದಲ್ಲೇ ಇತ್ತು. ಬಾನೆಟ್ಟಿನ ಮೇಲೆ ಕುಂಕುಮ, ಚೆಂಡುಹೂವಿನ ಹಾರ. ಎಂಜಿನ್ ಚಾಲೂ ಆಗಿರಲಿಲ್ಲ. "ಪರಶು, ತಪ್ಪು ಎಣ್ಣೆ ಹಾಕಿಬಿಟ್ಟೆ, ಮುಟ್ಟಬೇಡ" ಎಂದು ಒಂದು ಮಾತು ಕೂಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನಾನು ಇದನ್ನು ಬರೆಯುವ ಕೆಲಸವೂ ಇರುತ್ತಿರಲಿಲ್ಲ.

ಬಾಯಿ ತೆರೆದ. ಅಷ್ಟರಲ್ಲಿ ಸುಪ್ರಿಯಾ ಹಂಡೆಯ ಬಿಸಿನೀರು ತೋಡಿಕೊಂಡು ಬಂದಳು. "ಏನ್ ಮಾವ, ಗಾಡಿಗೆ ಅಭ್ಯಂಜನ ಆಯ್ತಾ?" ಎಂದು ನಕ್ಕಳು. ಅವಳ ಮುಖ ನೋಡಿದ್ದೇ ಜಯಪ್ಪನ ಬಾಯಿ ಮುಚ್ಚಿತು. ಮೊನ್ನೆ ಅವಳ ಮುಂದೆ ಆಡಿದ ದೊಡ್ಡ ಮಾತು ನೆನಪಾಯಿತು.

"ಆಯ್ತು" ಎಂದ.

ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ, ಹಬ್ಬದ ದಿನ ಯಾಕೆ ಬಾಯಿ ಬಿಡೋದು? ಸಂಜೆ ಗಾಡಿ ಬಂದ ಮೇಲೆ ಗುಟ್ಟಾಗಿ ಎಣ್ಣೆ ಬದಲಾಯಿಸಿದರಾಯ್ತು. ಗಾದೆಗೇನು ಸ್ವಾಮಿ, ನಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡರೆ ತಿರುಗುತ್ತದೆ. ಆಡಬೇಕಾದ ಮಾತನ್ನು ನುಂಗಿದರೆ ಏನು ಹೋಗುತ್ತದೆ ಎಂದು ಆ ಗಾದೆ ಹೇಳುವುದಿಲ್ಲ.

ಪರಶುರಾಮ ಗಾಡಿ ತೆಗೆದುಕೊಂಡು ಹೋದ. ಸಂಜೆ ಬಂದವನು ಊಟ ಮಾಡಿ ಮತ್ತೆ ಹೊರಟ. ಹಬ್ಬದ ಬಾಡಿಗೆ, ಬೇಡ ಎನ್ನಲಾಗುತ್ತದೆಯೆ? ಮಾರನೆಯ ದಿನ ಅಮಾವಾಸ್ಯೆ. ಯಾರದೋ ಮನೆಗೆ ಬಂದ ನೆಂಟರನ್ನು ಗಾಜನೂರು ಡ್ಯಾಮು ತೋರಿಸಲು ಕರೆದುಕೊಂಡು ಹೋದ. ಜಯಪ್ಪ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಬಾಳೆ ಎಲೆಯ ಮುಂದೆ ಕುಳಿತರೂ ಹೋಳಿಗೆ ಸೇರಲಿಲ್ಲ.

"ಮೈ ಹುಷಾರಿಲ್ವಾ?" ಎಂದಳು ಬಂಗಾರಮ್ಮ.

"ಎಂತ ಇಲ್ಲ" ಎಂದ.

ಆ ದಿನ ಹೊತ್ತು ಮುಳುಗುವಾಗ ಅವನು ಭೂತಪ್ಪನ ಜಗಲಿಯ ಮೇಲೆ ಕುಳಿತಿದ್ದ. ಭೂತಪ್ಪ ಎದುರು ಮನೆಯವನು, ಅದೇ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿದವನು, ಪ್ರಾಣಸ್ನೇಹಿತ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಭದ್ರಾ ಹೊಳೆಯವರೆಗೆ ನಡೆದು, ಅಲ್ಲಿ ಕಲ್ಲಿನ ಮೇಲೆ ಕೂತು, ಊರಿನವರನ್ನೆಲ್ಲ ಬೈದು ಮನೆಗೆ ಬರುತ್ತಿದ್ದರು. ಅದೇ ಅವರ ಪೂಜೆ, ಅದೇ ಅವರ ವ್ಯಾಯಾಮ. ಇಬ್ಬರೂ ಕೂತಿರುವಾಗ ಪರಶುರಾಮನ ಗಾಡಿ ಬೀದಿಯ ತಿರುವಿನಲ್ಲಿ ಬಂತು. ಬರುವಾಗ ಊ ಎಂದು ಒಂದು ಸದ್ದು.

ಭೂತಪ್ಪ ಕಿವಿ ನಿಮಿರಿಸಿದ. "ಏನೋ ಇದು, ನಿನ್ ಮಗನ ಗಾಡಿ ಅಳ್ತಾ ಇದೆಯಲ್ಲೋ. ಗೇರ್‌ಬಾಕ್ಸು ಅದು. ನೋಡ್ಸು ಮಾರಾಯ."

"ಹಳೇ ಗಾಡಿ ಅಲ್ವಾ. ಎಂತ ಇಲ್ಲ ಬಿಡು."

"ಎಂತ ಇಲ್ಲದೆ ಕಬ್ಬಿಣ ಸುಮ್ನೆ ಕೂಗಲ್ಲ ಕಣೋ."

ಎರಡನೆಯ ಅವಕಾಶವೂ ಹೀಗೆ ಹೋಯಿತು. ಕೇಳಿದವನು ಬೇರೆ ಯಾರೋ ಅಲ್ಲ. ಹೇಳಿದ್ದರೆ ಅವನೇ ಅಂಗಿ ಕಳಚಿ ಗಾಡಿಯ ಕೆಳಗೆ ಇಳಿದು ಎಣ್ಣೆ ಬದಲಾಯಿಸಿಕೊಡುತ್ತಿದ್ದ, ಸೊಸೆಗೂ ಗೊತ್ತಾಗದ ಹಾಗೆ. ಜಯಪ್ಪನಿಗೆ ಅದೂ ಗೊತ್ತಿತ್ತು. ಆದರೂ ಒಂದು ದಿನ ಬಚ್ಚಿಟ್ಟಿದ್ದನ್ನು ಎರಡನೆಯ ದಿನ ಹೇಳಲು ಇನ್ನಷ್ಟು ನಾಚಿಕೆ. "ನಿನ್ನೆನೇ ಯಾಕೆ ಹೇಳ್ಲಿಲ್ಲ?" ಎಂಬ ಪ್ರಶ್ನೆ ಬೇರೆ ಸೇರಿಕೊಂಡಿತ್ತಲ್ಲ.

ಆ ರಾತ್ರಿಯೂ ಗಾಡಿ ಬಾಡಿಗೆಗೆ ಹೋಯಿತು, ಎಣ್ಣೆ ಬದಲಾಯಿಸಲು ಆಗಲಿಲ್ಲ. ಪಾಡ್ಯದ ದಿನ ಸಂಜೆ ಮನೆಮನೆಯಲ್ಲೂ ದನಗಳಿಗೆ ಪೂಜೆ. ಪರಶುರಾಮ ಗಾಡಿ ನಿಲ್ಲಿಸಿ ಕೈಕಾಲು ತೊಳೆಯುತ್ತಿದ್ದ. ಜಯಪ್ಪ ಶೆಡ್ಡಿನಲ್ಲಿ ಪಿಚಕಾರಿ ಒರೆಸುತ್ತಿದ್ದ. ಇವತ್ತು ಆಗಿಯೇ ಹೋಗಲಿ, ಎಲ್ಲರೂ ಆರತಿಗೆ ಹೋದ ಕೂಡಲೆ ಎಣ್ಣೆ ಬದಲಾಯಿಸುವುದು ಎಂದು ನಿಶ್ಚಯ ಮಾಡಿದ್ದ. ಆಗಲೇ ಎದುರು ಮನೆಯಿಂದ ಭೂತಪ್ಪನ ಹೆಂಡತಿ ಚಿನ್ನಮ್ಮನ ಕೂಗು ಕೇಳಿಸಿತು.

"ಪರಶು! ಬಾರಪ್ಪ ಬೇಗ! ಇವರು ಎದೆ ಹಿಡ್ಕೊಂಡು ಕೂತುಬಿಟ್ಟಿದಾರೆ!"

ಭೂತಪ್ಪನ ಬನಿಯನ್ ಬೆವರಿನಲ್ಲಿ ತೊಯ್ದು ಹೋಗಿತ್ತು. ಬಲಗೈಯಲ್ಲಿ ಎದೆ ಒತ್ತಿಕೊಂಡು, ಮಾತಾಡಲಾರದೆ ತಲೆ ಅಲ್ಲಾಡಿಸುತ್ತಿದ್ದ. ಹತ್ತಿರದ ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಸುಪ್ರಿಯಾ ಬಂದು ನೋಡಿದವಳೇ, "ಇದು ಹಾರ್ಟು. ತಡ ಮಾಡಬಾರದು. ಸೀದಾ ಶಿವಮೊಗ್ಗಕ್ಕೆ, ದೊಡ್ಡಾಸ್ಪತ್ರೆಗೆ" ಎಂದಳು.

ಎತ್ತಿ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವನ ತಲೆ ಜಯಪ್ಪನ ತೊಡೆಯ ಮೇಲೆ. ಚಿನ್ನಮ್ಮ ಮುಂದೆ ಕುಳಿತು ದೇವರ ಹೆಸರು ಹೇಳತೊಡಗಿದಳು. ಆಗಲಾದರೂ ಹೇಳಬಹುದಿತ್ತು. ಬೀದಿಯ ಕೊನೆಯಲ್ಲಿ ಯಾರನ್ನೋ ಇಳಿಸಲು ಬಂದ ಆಟೋ ಒಂದು ನಿಂತಿತ್ತು. "ಈ ಗಾಡಿ ಬೇಡ, ಇದನ್ನ ನಂಬಬೇಡಿ" ಎಂದರೆ ಸಾಕಿತ್ತು. ಜಯಪ್ಪ ಆಟೋವನ್ನು ನೋಡಿದ. ಇಷ್ಟು ದಿನ ಓಡಿದೆ, ಇನ್ನೊಂದು ಸಲ ಓಡಲಿ ದೇವರೇ ಎಂದು ಕೈ ಮುಗಿದ. ಗಾಡಿ ಹೊರಟಿತು.

ಊರು ದಾಟುವ ಹೊತ್ತಿಗೇ ಊ ಎನ್ನುತ್ತಿದ್ದುದು ಗರಗರ ಎನ್ನತೊಡಗಿತು. ಪರಶುರಾಮ ಗೇರು ಬದಲಾಯಿಸುವಾಗೆಲ್ಲ ಹಲ್ಲು ಕಡಿಯುವ ಸದ್ದು.

ಭೂತಪ್ಪ ಕಣ್ಣು ತೆರೆದ. ಅಷ್ಟು ನೋವಿನಲ್ಲೂ ಕ್ರೇನಿನವನ ಕಿವಿ ಕೆಲಸ ಮಾಡುತ್ತಿತ್ತು. "ಎಂತ ಸದ್ದೋ ಅದು?"

"ಎಂತ ಇಲ್ಲ ಮಾರಾಯ. ನೀನು ಸುಮ್ನೆ ಮಲಕ್ಕೋ."

ಮಲವಗೊಪ್ಪದ ಹತ್ತಿರ ಗಾಡಿಯ ಹೊಟ್ಟೆಯಲ್ಲಿ ಏನೋ ಮುರಿದ ಸದ್ದಾಯಿತು. ಸುಟ್ಟ ವಾಸನೆ ಬಂತು. ಗಾಡಿ ಒಮ್ಮೆ ಜಗ್ಗಿ ನಿಂತಿತು. ಪರಶುರಾಮ ಗೇರು ಹಿಡಿದು ಎಳೆದ, ತಳ್ಳಿದ, ಗುದ್ದಿದ. ಅದು ಎತ್ತಲೂ ಅಲ್ಲಾಡಲಿಲ್ಲ.

ಹಬ್ಬದ ಸಂಜೆ. ರಸ್ತೆಯಲ್ಲಿ ಗಾಡಿಗಳೇ ಇಲ್ಲ. ಎಸ್.ಟಿ.ಡಿ. ಬೂತಿಗೆ ಬೀಗ. ಮನೆಗಳ ಮುಂದೆ ದೀಪ ಹಚ್ಚುತ್ತಿದ್ದರು, ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಪರಶುರಾಮ ರಸ್ತೆಯ ನಡುವೆ ನಿಂತು ಬಂದ ಬಂದ ಗಾಡಿಗೆ ಕೈ ಅಡ್ಡ ಹಿಡಿದ. ಒಂದು ಬಸ್ಸು ನಿಲ್ಲದೆ ಹೋಯಿತು. ಒಂದು ಕಾರು ಬಳಸಿಕೊಂಡು ಹೋಯಿತು. ಚಿನ್ನಮ್ಮ ರಸ್ತೆಯಲ್ಲಿ ಕುಳಿತು ಅಳುತ್ತಿದ್ದಳು. ಜಯಪ್ಪ ಗೆಳೆಯನ ಬೆವರು ಒರೆಸುತ್ತಲೇ ಇದ್ದ. ಒರೆಸಿದಷ್ಟೂ ಬರುತ್ತಿತ್ತು. ಹೊತ್ತು ಹೋಗುತ್ತಲೇ ಇತ್ತು.

ಕೊನೆಗೆ ಕತ್ತಲಾದ ಮೇಲೆ ತರಕಾರಿಯ ಟೆಂಪೋ ಒಂದು ನಿಂತಿತು. ತಮಿಳಿನ ಡ್ರೈವರು ಇಳಿದು ಬಂದು ನೋಡಿ, "ಅಯ್ಯೋ, ಎತ್ತಿ ಸಾರ್, ಸೀಕ್ರಂ, ಬೇಗ ಎತ್ತಿ" ಎಂದು ತಾನೇ ಕಾಲು ಹಿಡಿದ. ಎಲೆಕೋಸಿನ ಚೀಲಗಳ ಮೇಲೆ ಭೂತಪ್ಪನನ್ನು ಮಲಗಿಸಿಕೊಂಡು ಶಿವಮೊಗ್ಗ ಸೇರಿದರು.

ಭೂತಪ್ಪನ ಜೀವ ಉಳಿಯಿತು. ಉಳಿದದ್ದು ಜೀವ ಮಾತ್ರ. "ಹೃದಯದ ಒಂದು ಭಾಗ ಸತ್ತುಹೋಗಿದೆ. ಸ್ವಲ್ಪ ಮುಂಚೆ ತಂದಿದ್ದರೆ ಅದನ್ನೂ ಉಳಿಸಬಹುದಿತ್ತೇನೋ" ಎಂದರು ಡಾಕ್ಟರು. ಇನ್ನು ಮೇಲೆ ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ದೂರ ನಡೆಯಬಾರದು. ಚಿನ್ನಮ್ಮ ಅಳುವುದನ್ನು ನಿಲ್ಲಿಸಿ ಎಲ್ಲದಕ್ಕೂ ತಲೆ ಆಡಿಸಿದಳು. ಜಯಪ್ಪ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳಿದ.

ಗಾಡಿಯನ್ನು ಲಾರಿಗೆ ಕಟ್ಟಿ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಓಂಕಾರಪ್ಪನ ಗ್ಯಾರೇಜಿಗೆ ಎಳೆಸಿದರು. ಗಾಡಿಯ ಸರ್ವಿಸ್ ಮಾಡುತ್ತಿದ್ದುದು ಅವನೇ. ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಪರಶುರಾಮ ಅಪ್ಪನೊಡನೆ ಹೋದವನೇ ಓಂಕಾರಪ್ಪನ ಮೇಲೆ ಹರಿಹಾಯ್ದ.

"ದಸರಾಕ್ಕೆ ತಾನೆ ನಿನ್ ಕೈಯಲ್ಲಿ ಕೊಟ್ಟಿದ್ದು? ಏನ್ ಮಾಡಿಟ್ಟಿದ್ದೆ ಗೇರ್‌ಬಾಕ್ಸಿಗೆ? ಒಂದು ಜೀವ ಹೋಗ್ತಿತ್ತಲ್ಲಯ್ಯ!"

"ನಾನು ಮುಟ್ಟಿದ್ದು ಬ್ರೇಕು. ಗೇರ್‌ಬಾಕ್ಸು ಬಿಚ್ಚೇ ಇಲ್ಲ" ಎಂದ ಓಂಕಾರಪ್ಪ. "ಬೈಯೋದು ಆಮೇಲೆ ಬೈಯಪ್ಪ, ಮೊದಲು ಒಳಗೆ ಏನಿದೆ ನೋಡಣ."

ನಟ್ಟು ಬಿಚ್ಚಿ ತಟ್ಟೆ ಹಿಡಿದ. ತೆಳ್ಳನೆಯ ಎಣ್ಣೆ ಇಳಿಯಿತು, ಅದರ ತುಂಬ ಕಬ್ಬಿಣದ ಹೊಳೆಯುವ ಪುಡಿ. ಓಂಕಾರಪ್ಪ ಎರಡು ಬೆರಳಲ್ಲಿ ತಿಕ್ಕಿ ನೋಡಿದ, ಮೂಸಿ ನೋಡಿದ, ಹುಬ್ಬು ಗಂಟಿಕ್ಕಿದ. ಒಂದು ಮಗ್ಗಿನಲ್ಲಿ ನೀರು ತರಿಸಿ ಅದರೊಳಗೆ ಒಂದಿಷ್ಟು ಹನಿಸಿದ. ನೀರು ಬೆಳ್ಳಗಾಯಿತು.

"ಇದು ಗೇರೆಣ್ಣೆ ಅಲ್ಲ. ಲೇತಿಗೆ ಹಾಕೋ ಎಣ್ಣೆ. ಯಾವನಯ್ಯ ಇದನ್ನ ಇದರೊಳಗೆ ಹಾಕ್ದೋನು?"

ಪರಶುರಾಮ ಮಗ್ಗನ್ನೇ ನೋಡಿದ. ಆಮೇಲೆ ನಿಧಾನಕ್ಕೆ ತಿರುಗಿ ಅಪ್ಪನನ್ನು ನೋಡಿದ. ಇನ್ನು ಸುಮ್ಮನಿರಲು ಜಯಪ್ಪನಿಂದ ಆಗಲಿಲ್ಲ.

"ನಾನೇ" ಎಂದ. "ಡಬ್ಬ ಅದಲು ಬದಲಾಗಿತ್ತು. ಓಂಕಾರಪ್ಪಂದು ಏನೂ ತಪ್ಪಿಲ್ಲ."

"ಗೊತ್ತಿತ್ತಾ ನಿಂಗೆ?" ಎಂದ ಪರಶುರಾಮ.

"ಅವತ್ತೇ ಗೊತ್ತಾಯ್ತು."

ಪರಶುರಾಮ ರಸ್ತೆಗೆ ಹೋಗಿ ನಿಂತ. ಓಂಕಾರಪ್ಪನ ದೊಡ್ಡ ಬಾಯಿಯೂ ಸಣ್ಣಗಾಗಿತ್ತು.

"ಜಯಪ್ಪಣ್ಣ, ತಪ್ಪೆಣ್ಣೆ ಹಾಕೋದು ದೊಡ್ಡ ವಿಷಯ ಅಲ್ಲ. ನನ್ ಗ್ಯಾರೇಜಲ್ಲೂ ಆಗಿದೆ. ಬ್ರೇಕಿಂದು ಗೇರಿಗೆ ಹೋಗುತ್ತೆ, ಸ್ಟೀರಿಂಗಿಂದು ಬ್ರೇಕಿಗೆ ಹೋಗುತ್ತೆ. ಗೊತ್ತಾದ ತಕ್ಷಣ ಗಾಡಿ ಚಾಲೂ ಮಾಡ್ಬಾರ್ದು. ಹಾಕಿದ್ದೆಲ್ಲ ಕೆಳಗೆ ಇಳಿಸ್ಬೇಕು. ಸರಿಯಾದ ಎಣ್ಣೆನೇ ಸ್ವಲ್ಪ ಹಾಕಿ, ತೊಳೆದು, ಅದನ್ನೂ ಇಳಿಸಿ, ಆಮೇಲೆ ಹೊಸದು ತುಂಬ್ಬೇಕು. ಗೊತ್ತಾಗೋ ಹೊತ್ತಿಗೆ ಗಾಡಿ ಓಡಿಬಿಟ್ಟಿದ್ರೆ, ನಿಂತಲ್ಲೇ ನಿಲ್ಲಿಸಿ ಎಳೆಸಿಕೊಂಡು ಬರಬೇಕು. ಓಡಿಸಿದಷ್ಟೂ ಅದು ತನ್ನನ್ನ ತಾನೇ ತಿನ್ನುತ್ತೆ. ಉಗುರಲ್ಲಿ ಹೋಗೋದಿತ್ತು ಅಣ್ಣ. ಕೊಡಲಿ ತಗೊಂಡ್ರಲ್ಲ."



ಮನೆಯಲ್ಲಿ ವಿಷಯ ತಿಳಿದಾಗ ಬಂಗಾರಮ್ಮ ಹಣೆ ಚಚ್ಚಿಕೊಂಡಳು. "ನಾನೇ ಕಣ್ರೀ ಡಬ್ಬ ಸರಿಸಿದ್ದು! ನನ್ ಕೈ ಸೇದಿ ಹೋಗ!"

"ಅತ್ತೆ, ಧೂಳು ಹೊಡೆದಿದ್ದು ತಪ್ಪಾ?" ಎಂದಳು ಸುಪ್ರಿಯಾ. ಮಾವನ ಮುಂದೆ ನೆಲದ ಮೇಲೆ ಕುಳಿತಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಯಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಮಾವ, ನನ್ನ ಮುಖ ನೋಡಿ ಹೇಳ್ಲಿಲ್ಲ ಅಲ್ವಾ ನೀವು? ನಾನು 'ನೋಡಿ, ಅವತ್ತೇ ಹೇಳಿದ್ದೆ' ಅಂತೀನಿ ಅಂತ."

ಜಯಪ್ಪ ಹೌದೆಂದು ತಲೆ ಅಲ್ಲಾಡಿಸಿದ.

"ಅಂತಿದ್ದೆ ಮಾವ. ನಿಜವಾಗ್ಲೂ ಅಂತಿದ್ದೆ. ನಕ್ಕೂ ನಗ್ತಿದ್ದೆ. ಆಮೇಲೆ ಕಾಫಿ ಮಾಡಿಕೊಡ್ತಿದ್ದೆ. ಅಷ್ಟೇ ಆಗ್ತಿದ್ದಿದ್ದು."

ಜಯಪ್ಪ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ.

ಭೂತಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಜಯಪ್ಪ ಅವನ ಮುಂದೆ ಹೋಗಿ ನಿಂತು ಎಲ್ಲ ಹೇಳಿದ. ಭೂತಪ್ಪ ಜಗಲಿಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ. ಪೂರ್ತಿ ಕೇಳಿಸಿಕೊಂಡ.

"ನಾನು ಕೇಳ್ದಾಗ ನಿಂಗೆ ಗೊತ್ತಿತ್ತು."

"ಹೂಂ."

"ಇದೇ ಜಗಲಿ ಮೇಲೆ ಕೇಳ್ದೆ. ನಿನ್ ತೊಡೆ ಮೇಲೆ ಮಲಗಿದಾಗಲೂ ಕೇಳ್ದೆ."

"ಹೂಂ."

"ಎಣ್ಣೆ ತಪ್ಪಿಸಿದ್ದು ಕೈ ಕಣೋ ಜಯಪ್ಪ. ಅದಕ್ಕೆ ನಾನು ಎಂತ ಅನ್ನಲ್ಲ. ಕೇಳಿದ್ರೆ 'ಎಂತ ಇಲ್ಲ' ಅಂದ್ಯಲ್ಲ." ಅಷ್ಟಕ್ಕೇ ಅವನಿಗೆ ಏದುಸಿರು ಬಂತು. ಚಿನ್ನಮ್ಮ ಹೊರಗೆ ಬಂದಳು. "ಈಗ ಹೋಗಿ ಅಣ್ಣ. ಅವರು ಜಾಸ್ತಿ ಮಾತಾಡಬಾರದು" ಎಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾರನೆಯ ದಿನ ಜಯಪ್ಪ ಪೇಂಟು, ಬ್ರಷ್ಷು ತಂದ. ಎರಡು ಹಸಿರು ಡಬ್ಬಗಳ ಮೇಲೂ ಸುಪ್ರಿಯಾಳ ಕೈಯಲ್ಲೇ ಹೆಸರು ಬರೆಸಿದ. ಗೇರೆಣ್ಣೆಯನ್ನು ಶೆಡ್ಡಿನ ಈ ಗೋಡೆಗೆ, ಕಟಿಂಗ್ ಎಣ್ಣೆಯನ್ನು ಆ ಗೋಡೆಗೆ ಇಟ್ಟ. ಮನೆಯ ಸೀಮೆಎಣ್ಣೆ, ಫಿನಾಯಿಲು, ಇಲಿ ಪಾಷಾಣ ಎಲ್ಲಕ್ಕೂ ಹೆಸರು ಬಂತು. ಆಮೇಲೆ ಅದೇ ಪೇಂಟು ಹಿಡಿದು ಬೀದಿಯ ಮನೆಮನೆಗೂ ಹೊರಟ. ಸುಪ್ರಿಯಾ ಸೇರಿದ್ದ ಮಹಿಳಾ ಸಂಘದವರೂ ಅವನ ಹಿಂದೆ ಹೋದರು.

ಎಲ್ಲರೂ ಒಪ್ಪಿದರು ಎಂದುಕೊಳ್ಳಬೇಡಿ. ಪಂಪ್‌ಸೆಟ್ಟು ರಿಪೇರಿಯ ಶಿವಯೋಗಪ್ಪ ಬಾಗಿಲಲ್ಲೇ ತಡೆದ.

"ನಮ್ಮನೇಲಿ ಬೇಡ ಜಯಪ್ಪ. ಯಾವ ಡಬ್ಬದಲ್ಲಿ ಏನಿದೆ ಅಂತ ನಂಗೆ ಗೊತ್ತು."

"ನಂಗೂ ಗೊತ್ತಿತ್ತು" ಎಂದ ಜಯಪ್ಪ.

ಶಿವಯೋಗಪ್ಪ ಅವನ ಮುಖ ನೋಡಿದ. ಅವನ ಕಣ್ಣು ಭೂತಪ್ಪನ ಜಗಲಿಯ ಕಡೆಗೂ ಹೋಯಿತು. ಒಳಗೆ ಹೋಗಿ ಡಬ್ಬಗಳನ್ನು ತಂದು ಇಟ್ಟ.

ಭೂತಪ್ಪನ ಮನೆಯ ಮುಂದೆ ಮಾತ್ರ ಜಯಪ್ಪ ತಲೆ ಬಗ್ಗಿಸಿ ದಾಟಿ ಹೋಗುತ್ತಿದ್ದ. ಚಳಿಗಾಲ ಮುಗಿದು ಬಿಸಿಲು ಬಂದ ಮೇಲೆ ಒಂದು ದಿನ ಚಿನ್ನಮ್ಮ ಕರೆದಳು. "ಅಣ್ಣ, ನಮ್ಮನೇಲೂ ಡಬ್ಬ ಇದಾವೆ. ಬರೆದುಕೊಡಬೇಕಂತೆ. ಅವರೇ ಕರೀತಿದಾರೆ."

ಜಯಪ್ಪ ಪೇಂಟು, ಬ್ರಷ್ಷು ತಂದ. ಡಬ್ಬದ ಮೇಲೆ 'ಸೀಮೆಎಣ್ಣೆ' ಎಂದು ಬರೆಯತೊಡಗಿದ. ಭೂತಪ್ಪ ದಿಂಬಿನಿಂದಲೇ ನೋಡುತ್ತಿದ್ದ.

"ದೊಡ್ಡದಾಗಿ ಬರಿ" ಎಂದ. "ಕನ್ನಡಕ ಇಲ್ದಿದ್ರೂ ಕಾಣ್ಬೇಕು."

ಅಷ್ಟೇ. ಕೂತ್ಕೋ ಎನ್ನಲಿಲ್ಲ. ಜಯಪ್ಪ ದೊಡ್ಡದಾಗಿ ಬರೆದು, ಬ್ರಷ್ಷು ಒರೆಸಿಕೊಂಡು, ತನ್ನ ಮನೆಗೆ ಬಂದ.

ಈ ಕಥೆ ಓದಿದವರೇ, ಕೇಳಿದವರೇ, ಇವತ್ತು ಕೈಯಲ್ಲಿರುವ ಕೆಲಸ ಮುಗಿದ ಕೂಡಲೆ ಎದ್ದು ನಿಮ್ಮ ಶೆಡ್ಡಿಗೆ ಹೋಗಿ. ಒಂದು ಡಬ್ಬಕ್ಕೂ ಹೆಸರಿಲ್ಲದೆ ಬಿಡಬೇಡಿ. ಓದಲು ಬಾರದವರು ಮನೆಯಲ್ಲಿದ್ದರೆ ಬಣ್ಣದ ಪಟ್ಟಿ ಹಚ್ಚಿ, ಯಾವ ಬಣ್ಣಕ್ಕೆ ಯಾವುದು ಎಂದು ಎಲ್ಲರಿಗೂ ತೋರಿಸಿ. ಗಾಡಿಗೆ ಹಾಕುವುದನ್ನು ಮುಚ್ಚಳ ತೆಗೆಯುವ ಮೊದಲು ಓದಿ. ಅನುಮಾನವಿದ್ದರೆ ಹಾಕಲೇಬೇಡಿ. ಇಷ್ಟೆಲ್ಲ ಮಾಡಿಯೂ ಒಂದು ದಿನ ಕೈ ತಪ್ಪಬಹುದು. ತಪ್ಪಿದರೆ ಗಾಡಿ ಚಾಲೂ ಮಾಡಬೇಡಿ, ಮಾಡಲು ಬಿಡಬೇಡಿ. ನಿಂತ ಜಾಗದಿಂದಲೇ ಕೂಗಿ ಹೇಳಿ. ಸೊಸೆಯ ಮುಂದೆಯಾದರೂ ಸರಿ, ಮಗನ ಮುಂದೆಯಾದರೂ ಸರಿ, ಹಬ್ಬದ ದಿನವಾದರೂ ಸರಿ. ಬೈಗುಳ ಬಂದರೆ ತಿನ್ನಿ. ಮನೆಯಲ್ಲಿರುವವರೇ, ನೀವೂ ಅಷ್ಟೆ. ಹೇಳಿದವರನ್ನು ಆಡಿಕೊಂಡು ನಗಬೇಡಿ, ಮುಂದಿನ ಸಲ ಅವರು ಹೇಳುವುದಿಲ್ಲ.

ಬೈಗುಳ ಸಂಜೆಯೊಳಗೆ ಮುಗಿಯುತ್ತದೆ. ಭೂತಪ್ಪ ಇವತ್ತಿಗೂ ಹೊಳೆಯವರೆಗೆ ನಡೆಯಲಾರ. ಜಯಪ್ಪ ದಿನಾ ಬೆಳಿಗ್ಗೆ ಒಬ್ಬನೇ ಹೋಗಿ, ಆ ಕಲ್ಲಿನ ಮೇಲೆ ಕೂತು, ಯಾರನ್ನೂ ಬೈಯದೆ ಮನೆಗೆ ಬರುತ್ತಾನೆ.